ಕೇಕಿನೊಳಗೆ ಕೂತ ಬೀಟ್‌ರೂಟ್

ಚಾಕೊಲೇಟ್ ಬ್ರೌನಿಯೊಳಗೆ ಪಾಲಕ್ ಸೊಪ್ಪು ರುಬ್ಬಿ ಸೇರಿಸುವ ಉಪಾಯ ಯಾರ ಸ್ವತ್ತು? ಇಂಥದೊಂದು ಪ್ರಶ್ನೆ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿತ್ತು. 2007ರಲ್ಲಿ ಮಿಸಿ ಚೇಸ್ ಲಪೈನ್ ‘ದ ಸ್ನೀಕಿ ಶೆಫ್’ ಎಂಬ ಅಡುಗೆ ಪುಸ್ತಕ ತಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಜೆಸಿಕಾ ಸೈನ್‌ಫೆಲ್ಡ್ ಅವರ ‘ಡಿಸೆಪ್ಟಿವ್ಲಿ ಡೆಲಿಶಿಯಸ್’ ಬಂತು. ಜೆಸಿಕಾ, ಟಿವಿ ಹಾಸ್ಯಕ್ಕೆ ಹೆಸರಾದ ಜೆರಿ ಸೈನ್‌ಫೆಲ್ಡ್ ಅವರ ಹೆಂಡತಿ. ಓಪ್ರಾ ವಿನ್‌ಫ್ರೇ ಅವರ ಕಾರ್ಯಕ್ರಮದಲ್ಲಿ ಒಮ್ಮೆ ಕಾಣಿಸಿಕೊಂಡದ್ದೇ ತಡ, ಪುಸ್ತಕ ಬಿಸಿ ಬೋಂಡಾದಂತೆ ಖರ್ಚಾಯಿತು. ಎರಡೂ ಪುಸ್ತಕಗಳ ತಿರುಳು ಒಂದೇ: ತರಕಾರಿಯನ್ನು ಬೇಯಿಸಿ, ನುಣ್ಣಗೆ ರುಬ್ಬಿ, ಫ್ರಿಜ್ಜಿನಲ್ಲಿ ಕೂಡಿಟ್ಟುಕೊಂಡು, ಮಕ್ಕಳು ಮೆಚ್ಚಿ ತಿನ್ನುವ ತಿನಿಸುಗಳಲ್ಲಿ ಸದ್ದಿಲ್ಲದೆ ಬೆರೆಸುವುದು. ಲಪೈನ್ ಬ್ರೌನಿಯಲ್ಲಿ ಪಾಲಕ್ ಮತ್ತು ಬ್ಲೂಬೆರಿ. ಸೈನ್‌ಫೆಲ್ಡ್ ಬ್ರೌನಿಯಲ್ಲಿ ಪಾಲಕ್ ಮತ್ತು ಕ್ಯಾರೆಟ್.

ಈ ಹೋಲಿಕೆಯ ಮಾತೆದ್ದಾಗ ಜೆರಿ ಸೈನ್‌ಫೆಲ್ಡ್ ಟಿವಿ ಕಾರ್ಯಕ್ರಮವೊಂದರಲ್ಲಿ ಲಪೈನ್ ಅವರನ್ನು ಗೇಲಿ ಮಾಡಿದರು. 2008ರ ಜನವರಿಯಲ್ಲಿ ಲಪೈನ್ ಕೃತಿಸ್ವಾಮ್ಯದ ಜೊತೆಗೆ ಮಾನಹಾನಿಯ ದೂರನ್ನೂ ಹೊತ್ತು ಕೋರ್ಟಿಗೆ ಹೋದರು. 2009ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆ ಲಾರಾ ಟೇಲರ್ ಸ್ವೇನ್ ಕೃತಿಸ್ವಾಮ್ಯದ ವಾದವನ್ನು ತಳ್ಳಿಹಾಕಿದರು. ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ರುಬ್ಬಿದ ತರಕಾರಿಯನ್ನು ಮಕ್ಕಳ ತಿಂಡಿಯಲ್ಲಿ ಬಚ್ಚಿಡುವುದು ಒಂದು ವಿಚಾರವಷ್ಟೆ, ವಿಚಾರದ ಮೇಲೆ ಯಾರಿಗೂ ಹಕ್ಕಿಲ್ಲ ಎಂಬುದು ತೀರ್ಪಿನ ಸಾರ. ನ್ಯಾಯವೇ ಸರಿ. ಹಕ್ಕು ಕೇಳುವುದಾದರೆ ಇವರಿಬ್ಬರಿಗಿಂತ ಮೊದಲು ಸಾಲಿನಲ್ಲಿ ನಿಲ್ಲಬೇಕಾದ ಅಜ್ಜಿಯರು ಜಗತ್ತಿನ ತುಂಬ ಇದ್ದಾರೆ.

ಎರಡನೇ ಮಹಾಯುದ್ಧದ ಬ್ರಿಟನ್ ಅಂಥ ಅಜ್ಜಿಯರ ನಾಡು. 1940ರ ಜನವರಿಯಲ್ಲಿ ಸಕ್ಕರೆ ಪಡಿತರಕ್ಕೆ ಒಳಪಟ್ಟಿತು. 1942ರ ಜುಲೈನಲ್ಲಿ ಮಿಠಾಯಿ, ಚಾಕೊಲೇಟುಗಳಿಗೂ ಕೂಪನ್ ಬಂತು. ಯುದ್ಧ ಮುಗಿದು ವರ್ಷಗಳೇ ಕಳೆದರೂ, 1953ರವರೆಗೆ ಮಕ್ಕಳ ಕೈಗೆ ಮಿಠಾಯಿ ಸಲೀಸಾಗಿ ಸಿಗಲಿಲ್ಲ. ಕೊರತೆಯಿಲ್ಲದೆ ಬೆಳೆಯುತ್ತಿದ್ದದ್ದು ಕ್ಯಾರೆಟ್. ಲಾರ್ಡ್ ವೂಲ್ಟನ್ ಮುಂದಾಳುತನದ ಆಹಾರ ಸಚಿವಾಲಯ ‘ಡಾಕ್ಟರ್ ಕ್ಯಾರೆಟ್’ ಎಂಬ ಚಿತ್ರಪಾತ್ರವನ್ನು ಕಟ್ಟಿ, ಕ್ಯಾರೆಟ್ಟಿನ ಸಿಹಿಯಿಂದ ಪುಡಿಂಗು, ಕೇಕು ಮಾಡುವ ಬಗೆಯನ್ನು ಕರಪತ್ರಗಳಲ್ಲಿ ಹಂಚಿತು. ಕಡ್ಡಿಗೆ ಸಿಕ್ಕಿಸಿದ ಕ್ಯಾರೆಟನ್ನು ಐಸ್‌ಕ್ರೀಮಿನ ಬದಲಿಗೆ ಚೀಪುತ್ತಾ ನಿಂತ ಮಕ್ಕಳ ಫೋಟೊಗಳು ಈಗಲೂ ಸಿಗುತ್ತವೆ. ಅಲ್ಲಿ ತರಕಾರಿ ಕೇಕಿಗೆ ಹೋದದ್ದು ಆರೋಗ್ಯದ ಕಾಳಜಿಯಿಂದಲ್ಲ, ಸಕ್ಕರೆಯ ಡಬ್ಬ ಬರಿದಾಗಿದ್ದರಿಂದ.

ಅಮೆರಿಕದಲ್ಲಿ ಕತೆ ಉಲ್ಟಾ. ಅಲ್ಲಿ ಕಾಡಿದ್ದು ಅತಿಯಾದ ಬೆಳೆ. ಬೇಸಿಗೆ ಬಂತೆಂದರೆ ಹಿತ್ತಲಲ್ಲಿ ಸುಕಿನಿ ಎಂಬ ಸೌತೆಯಂಥ ಕಾಯಿ ಬೆಳೆದವರಿಗೆ ಅದನ್ನು ಏನು ಮಾಡುವುದೆಂಬುದೇ ಚಿಂತೆ. ನೆರೆಯವರ ಜಗುಲಿಯ ಮೇಲೆ ಕದ್ದುಮುಚ್ಚಿ ಸುಕಿನಿ ಇಟ್ಟು ಬರುವುದಕ್ಕೆಂದೇ ಆಗಸ್ಟ್ 8ನ್ನು ತಮಾಷೆಯ ದಿನವಾಗಿ ಗುರುತಿಸಿಕೊಂಡ ಜನ ಅವರು. ಸುಕಿನಿ ಚಾಕೊಲೇಟ್ ಕೇಕು ಅಂಥ ಹಿತ್ತಲುಗಳ ಕೂಸು.

ಮುಚ್ಚುಮರೆಯೇ ಇಲ್ಲದ ಮೂರನೆಯ ದಾರಿ ಇಟಲಿಯದು. ಅಮಾಲ್ಫಿ ಕರಾವಳಿಯಲ್ಲಿ ಆಗಸ್ಟ್ ನಡುವಿನ ಹಬ್ಬದ ಹೊತ್ತಿಗೆ ಬದನೆಕಾಯಿಯನ್ನು ಹೋಳು ಮಾಡಿ, ಕರಿದು, ಕರಗಿಸಿದ ಚಾಕೊಲೇಟಿನಲ್ಲಿ ಅದ್ದಿ ತಿನ್ನುತ್ತಾರೆ. ಕೇಳಿದ ಕೂಡಲೇ ಮುಖ ಕಿವುಚುವವರು ಬ್ರಿಟನ್ನಿನ ಹ್ಯಾರಿ ಈಸ್ಟ್‌ವುಡ್ ಅವರ ಪುಸ್ತಕವನ್ನೂ ಒಮ್ಮೆ ನೋಡಬೇಕು. 2009ರಲ್ಲಿ ಬಂದ ‘ರೆಡ್ ವೆಲ್ವೆಟ್ ಆ್ಯಂಡ್ ಚಾಕೊಲೇಟ್ ಹಾರ್ಟೇಕ್’ನಲ್ಲಿ ಆಕೆ ಬೆಣ್ಣೆಯನ್ನು ಬದಿಗಿಟ್ಟು ತರಕಾರಿಯ ಮೇಲೆಯೇ ಕೇಕುಗಳನ್ನು ನಿಲ್ಲಿಸಿದರು. ಅದರಲ್ಲಿನ ಚಾಕೊಲೇಟ್ ಕೇಕಿಗೆ ಬೀಳುವುದು ಬೇಯಿಸಿ ರುಬ್ಬಿದ ಬದನೆಕಾಯಿ, ಬಾದಾಮಿ ಪುಡಿ ಮತ್ತು ಜೇನು.

ಇಷ್ಟೆಲ್ಲ ತರಕಾರಿಗಳ ನಡುವೆ ಚಾಕೊಲೇಟಿಗೆ ತಕ್ಕ ಜೋಡಿಯೆಂದು ಗೆದ್ದದ್ದು ಬೀಟ್‌ರೂಟ್. ಅದಕ್ಕೆ ಕಾರಣವಿದೆ. ಬೀಟ್‌ರೂಟ್ ಒಲ್ಲೆನ್ನುವವರೆಲ್ಲ ಹೇಳುವ ದೂರು ಒಂದೇ: ಮಣ್ಣಿನ ವಾಸನೆ. ಅದು ಜಿಯೊಸ್ಮಿನ್ ಎಂಬ ಸಂಯುಕ್ತದ ಕೆಲಸ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಘಮದಲ್ಲೂ ಅದೇ ಇರುತ್ತದೆ. ಮಳೆಯಲ್ಲಿ ಕವಿತೆ ಬರೆಸುವ ವಾಸನೆ ಪಲ್ಯದಲ್ಲಿ ಮಾತ್ರ ಯಾರಿಗೂ ಬೇಡ! ಸಿಪ್ಪೆಯಲ್ಲಿ ಜಿಯೊಸ್ಮಿನ್ ಹೆಚ್ಚು, ಹುಳಿ ತಗುಲಿದರೆ ಅದು ಒಡೆಯುತ್ತದೆ. ಆದ್ದರಿಂದ ಕುಕ್ಕರಿನಲ್ಲಿ ಇಡಿಯಾಗಿ ಬೇಯಿಸಿ, ಸಿಪ್ಪೆಯನ್ನು ಪೂರ್ತಿ ಸುಲಿದು, ರುಬ್ಬುವಾಗ ಒಂದು ಚಮಚ ನಿಂಬೆರಸ ಇಲ್ಲವೇ ಸ್ವಲ್ಪ ಹುಳಿ ಮೊಸರು ಸೇರಿಸಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ಕೊಕ್ಕೊ ನೋಡಿಕೊಳ್ಳುತ್ತದೆ. ಹುಳಿಬರಿಸಿ, ಒಣಗಿಸಿ, ಹುರಿದ ಕೊಕ್ಕೊ ಬೀಜದಲ್ಲಿ ನೂರಾರು ಬಗೆಯ ಪರಿಮಳಗಳಿದ್ದು, ಅವುಗಳಲ್ಲಿ ಮಣ್ಣು, ಮರ, ಹುರಿದ ಕಾಳನ್ನು ನೆನಪಿಸುವ ಗಾಢ ಛಾಯೆಗಳೂ ಸೇರಿವೆ. ಬೀಟ್‌ರೂಟಿನ ವಾಸನೆ ಅವುಗಳ ನಡುವೆ ಹೊರಗಿನದೆನಿಸದೆ ಕಲೆತುಹೋಗುತ್ತದೆ.

ಬಣ್ಣದ ಕತೆ ಬೇರೆ. ಬೀಟ್‌ರೂಟ್ ಹಾಕಿದ ಕೇಕು ಕಡುಗೆಂಪಾಗಿ ಬರುತ್ತದೆಂದು ಕಾದವರು ಕಪ್ಪುಕಂದು ಕೇಕು ನೋಡಿ ಪೆಚ್ಚಾಗುವುದುಂಟು. ಬೆಟಾನಿನ್ ಎಂಬ ಆ ಕೆಂಪು ಬಣ್ಣಕ್ಕೆ ಹುಳಿ ಒಗ್ಗುತ್ತದೆ, ಬಿಸಿ ಒಗ್ಗುವುದಿಲ್ಲ, ಕ್ಷಾರವಂತೂ ಸುತರಾಂ ಆಗದು. ಸೋಡಾ ಹೆಚ್ಚಾದ ಹಿಟ್ಟಿನಲ್ಲಿ ಅದು ಹಳದಿಗೆ ತಿರುಗುತ್ತದೆ. ಹಸಿ ಹಿಟ್ಟಿನಲ್ಲಿ ಕಣ್ಣು ಕುಕ್ಕುತ್ತಿದ್ದ ಕೆಂಪು ಒಲೆಯಿಂದ ಹೊರಬರುವಾಗ ಕೊಕ್ಕೊದ ಕಂದಿನಲ್ಲಿ ಕರಗಿಹೋಗಿರುತ್ತದೆ. ಬಚ್ಚಿಡುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಆದರೆ ಬೀಟ್‌ರೂಟಿನ ಅಸಲಿ ಕೆಲಸ ವಾಸನೆಯದೂ ಅಲ್ಲ, ಬಣ್ಣದ್ದೂ ಅಲ್ಲ, ನೀರಿನದು. ಬೀಟ್‌ರೂಟಿನ ನೂರರಲ್ಲಿ ಸುಮಾರು 87 ಭಾಗ ನೀರು. ಕ್ಯಾರೆಟ್ಟೂ ಹೆಚ್ಚುಕಡಿಮೆ ಅಷ್ಟೇ. ಸುಕಿನಿಯಲ್ಲಿ 95 ಭಾಗದಷ್ಟಿರುತ್ತದೆ. ಈ ನೀರು ಲೋಟದಲ್ಲಿ ಸುರಿದ ನೀರಿನಂತೆ ಹಿಟ್ಟಿನಲ್ಲಿ ಹರಿದಾಡುವುದಿಲ್ಲ. ತರಕಾರಿಯ ನಾರು ಮತ್ತು ಪೆಕ್ಟಿನ್ ಅದನ್ನು ಹಿಡಿದಿಟ್ಟುಕೊಂಡು, ಕೇಕು ಬೇಯುವಾಗ ನಿಧಾನವಾಗಿ ಬಿಟ್ಟುಕೊಡುತ್ತವೆ. ಮಾಮೂಲಿ ಕೇಕಿನಲ್ಲಿ ಮೆದುತನ ತರುವುದು ಎಣ್ಣೆ ಮತ್ತು ಸಕ್ಕರೆ: ಎಣ್ಣೆ ಮೈದಾದ ಅಂಟನ್ನು ಬಿಗಿಯಗೊಡದೆ ತಡೆಯುತ್ತದೆ, ಸಕ್ಕರೆ ತೇವವನ್ನು ಹಿಡಿದಿಡುತ್ತದೆ. ರುಬ್ಬಿದ ತರಕಾರಿ ಈ ಎರಡೂ ಕೆಲಸಗಳಿಗೆ ಒಂದಿಷ್ಟು ಹೆಗಲು ಕೊಡುವುದರಿಂದ ಎರಡನ್ನೂ ಕಡಿಮೆ ಮಾಡಿದರೂ ಕೇಕು ಒಣ ಬ್ರೆಡ್ಡಾಗುವುದಿಲ್ಲ. ಎಣ್ಣೆಯನ್ನು ಪೂರ್ತಿ ಬಿಟ್ಟರೆ ಮಾತ್ರ ಕೇಕು ರಬ್ಬರಿನಂತೆ ಜಗ್ಗುತ್ತದೆ. ಅರ್ಧ ಇಳಿಸಿದರೆ ನಾಲಿಗೆಗೆ ಗೊತ್ತಾಗದು.

ಇನ್ನು ಆರೋಗ್ಯದ ಲೆಕ್ಕ. ಇಲ್ಲೇ ಹೆಚ್ಚಿನ ಬರಹಗಳು ಜಾರುವುದು. ಬ್ರಿಟನ್ನಿನ ಅಡುಗೆಮನೆಗಳಲ್ಲಿ ಬಹಳ ಕಾಲದಿಂದ ಓಡಾಡುವ ಬೀಟ್‌ರೂಟ್ ಚಾಕೊಲೇಟ್ ಕೇಕಿನ ಅಳತೆ ಹೆಚ್ಚುಕಡಿಮೆ ಹೀಗಿದೆ: 75 ಗ್ರಾಂ ಕೊಕ್ಕೊ, 180 ಗ್ರಾಂ ಮೈದಾ, 250 ಗ್ರಾಂ ಬೆಂದ ಬೀಟ್‌ರೂಟ್, 250 ಗ್ರಾಂ ಸಕ್ಕರೆ, ಮೂರು ಮೊಟ್ಟೆ, 200 ಮಿಲಿಲೀಟರ್ ಎಣ್ಣೆ. ಹನ್ನೆರಡು ತುಂಡು ಮಾಡಿದರೆ ಒಂದೊಂದರಲ್ಲಿ 21 ಗ್ರಾಂ ಬೀಟ್‌ರೂಟ್. ಸಕ್ಕರೆಯೂ ಅಷ್ಟೇ, 21 ಗ್ರಾಂ. ಊಟಕ್ಕೆ ಒಂದು ಸೌಟು ಬೀಟ್‌ರೂಟ್ ಪಲ್ಯ ಬಡಿಸಿಕೊಂಡರೆ ಇದರ ಮೂರು ನಾಲ್ಕು ಪಟ್ಟು ತರಕಾರಿ ಹೊಟ್ಟೆಗೆ ಹೋಗುತ್ತದೆ, ಚಮಚ ಸಕ್ಕರೆಯೂ ಇಲ್ಲದೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇಕಡ 10ನ್ನು ಮೀರಬಾರದು, ಶೇಕಡ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶೇಕಡ 5 ಎಂದರೆ ವಯಸ್ಕರಿಗೆ ಸುಮಾರು 25 ಗ್ರಾಂ. ಮೇಲಿನ ಕೇಕಿನ ಒಂದೇ ತುಂಡು ಅದರ ಬಹುಪಾಲನ್ನು ನುಂಗಿಹಾಕುತ್ತದೆ. ಸಕ್ಕರೆಯ ಅಪಾಯ ತಿಳಿಸುವ ‘ಶುಗರ್ ಬೋರ್ಡ್’ಗಳನ್ನು ಹಾಕುವಂತೆ ಸಿಬಿಎಸ್‌ಇ 2025ರಲ್ಲಿ ತನ್ನ ಶಾಲೆಗಳಿಗೆ ಸೂಚಿಸಿದೆ. ಅಂಥ ಬೋರ್ಡಿನ ಮುಂದೆ ನಿಂತು ಬೀಟ್‌ರೂಟ್ ಕೇಕಿನ ಡಬ್ಬಿ ತೆರೆಯುವ ಮಗುವಿಗೆ ‘ಇದು ತರಕಾರಿ’ ಎಂದು ಹೇಳಿಕಳಿಸಿದರೆ ಅದು ಸುಳ್ಳೇ.

ಲಾಭ ಇರುವುದು ಹಾಕಿದ್ದರಲ್ಲಿ ಅಲ್ಲ, ತೆಗೆದದ್ದರಲ್ಲಿ. ಅದೇ ಅಳತೆಯಲ್ಲಿ ಎಣ್ಣೆಯನ್ನು 100 ಮಿಲಿಲೀಟರಿಗೆ ಇಳಿಸಿದರೆ ಇಡೀ ಕೇಕಿನಿಂದ 800ಕ್ಕೂ ಹೆಚ್ಚು ಕ್ಯಾಲೊರಿ ಹೋಯಿತು. ಸಕ್ಕರೆಯಲ್ಲಿ ಮೂರನೇ ಒಂದು ಪಾಲು ಕಡಿತಗೊಳಿಸಿದರೆ ಇನ್ನೂ 300ರಷ್ಟು. ಮೈದಾದ ಅರ್ಧದ ಜಾಗಕ್ಕೆ ರಾಗಿ ಹಿಟ್ಟು ಅಥವಾ ಗೋಧಿ ಹಿಟ್ಟು ಬಂದರೆ ನಾರಿನಂಶ ನಿಜಕ್ಕೂ ಏರುತ್ತದೆ. ರಾಗಿಯಾದರೆ ಸುಣ್ಣದಂಶವೂ ಧಾರಾಳ. ಬೆಲ್ಲ ಹಾಕಿದ ಮಾತ್ರಕ್ಕೆ ಕೇಕು ‘ಹೆಲ್ದಿ’ ಆಯಿತೆಂದು ಬೋರ್ಡು ಬರೆಯುವ ರೂಢಿ ಮಾತ್ರ ತಮಾಷೆಯದು. ಬೆಲ್ಲದ ಬಹುಪಾಲೂ ಸಕ್ಕರೆಯೇ. ಅದರ ಘಮಕ್ಕೆ ಮನಸೋತು ಹಾಕಿಕೊಳ್ಳಲಿ, ಔಷಧಿಯೆಂದಲ್ಲ.

ಬಚ್ಚಿಟ್ಟ ತರಕಾರಿ ವ್ಯರ್ಥ ಎಂದೂ ಇದರರ್ಥವಲ್ಲ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದ್ದಾರೆ. ಮೂರರಿಂದ ಐದು ವರ್ಷದ ನಲವತ್ತರಷ್ಟು ಮಕ್ಕಳಿಗೆ ಬೆಳಗಿನ ತಿಂಡಿಯಿಂದ ರಾತ್ರಿಯವರೆಗಿನ ಊಟದಲ್ಲಿ ರುಬ್ಬಿದ ತರಕಾರಿಯನ್ನು ಮೂರು ಪಟ್ಟು, ನಾಲ್ಕು ಪಟ್ಟು ಹೆಚ್ಚಿಸಿ ಬಡಿಸಿದರು. ಬೆಳಗಿಗೆ ಸುಕಿನಿ ಬ್ರೆಡ್ಡು, ಮಧ್ಯಾಹ್ನಕ್ಕೆ ಪಾಸ್ತಾ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಕ್ಕಳು ತಿಂದ ತರಕಾರಿ ಗಣನೀಯವಾಗಿ ಹೆಚ್ಚಾಯಿತು, ದಿನದ ಕ್ಯಾಲೊರಿ ಶೇಕಡ 12ರವರೆಗೆ ಇಳಿಯಿತು, ರುಚಿಯ ಬಗ್ಗೆ ತಕರಾರು ಬರಲಿಲ್ಲ. ತಟ್ಟೆಯ ಬದಿಯಲ್ಲಿ ಹಾಗೇ ಬಡಿಸಿದ್ದ ತರಕಾರಿಯನ್ನು ತಿನ್ನುವುದನ್ನೂ ಮಕ್ಕಳು ಕಡಿಮೆ ಮಾಡಲಿಲ್ಲ. ಆದರೆ ಇದು ಇಡೀ ದಿನದ ಊಟದ ಮಾತು, ಸಂಜೆಯ ಒಂದು ತುಂಡು ಕೇಕಿನದಲ್ಲ. ಹಾಗಿದ್ದರೆ ಕೇಕಿಗಿಂತ ಸಾರು, ಗೊಜ್ಜು, ರೊಟ್ಟಿ ಹಿಟ್ಟೇ ತರಕಾರಿಗೆ ತಕ್ಕ ಅಡಗುತಾಣ.

ಆ ತಂಡದಲ್ಲಿದ್ದ ಲೀನ್ ಬರ್ಚ್ ಮಕ್ಕಳ ರುಚಿ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಒಲ್ಲದ ತಿನಿಸು ಮಗುವಿಗೆ ಒಗ್ಗಬೇಕಾದರೆ ಅದು ಮತ್ತೆ ಮತ್ತೆ ನಾಲಿಗೆಗೆ ತಾಗಬೇಕು, ಎಷ್ಟೋ ಸಲ ಹತ್ತು ಬಾರಿಯಾದರೂ. ಕೇಕಿನಲ್ಲಿ ಕರಗಿಹೋದ ಬೀಟ್‌ರೂಟ್ ನಾಲಿಗೆಗೆ ಬೀಟ್‌ರೂಟಾಗಿ ತಾಗುವುದೇ ಇಲ್ಲವಲ್ಲ. ವರ್ಷವಿಡೀ ಆ ಕೇಕು ತಿಂದ ಮಗುವಿಗೂ ಪಲ್ಯ ಅಪರಿಚಿತವಾಗಿಯೇ ಉಳಿಯಬಹುದು.

ಅಷ್ಟಕ್ಕೂ ಬಚ್ಚಿಡುವ ಅಗತ್ಯವಾದರೂ ಇದೆಯೇ? ಲಿಜ್ಜಿ ಪೋಪ್ ಮತ್ತು ರಾಂಡಿ ವುಲ್ಫ್ ಎಂಬ ಸಂಶೋಧಕಿಯರು ನ್ಯೂಯಾರ್ಕಿನ ಅರವತ್ತೆಂಟು ಶಾಲಾಮಕ್ಕಳನ್ನೇ ಕೇಳಿದರು. 2012ರಲ್ಲಿ ಪ್ರಕಟವಾದ ಈ ಸಣ್ಣ ಅಧ್ಯಯನದಲ್ಲಿ ಮೂರು ತಿನಿಸುಗಳಿದ್ದವು: ಬ್ರೊಕೊಲಿ ಹಾಕಿದ ಶುಂಠಿ ಕೇಕು, ಸುಕಿನಿ ಹಾಕಿದ ಚಾಕೊಲೇಟ್ ಚಿಪ್ ಬ್ರೆಡ್ಡು, ಕಾಬೂಲಿ ಕಡಲೆ ಹಾಕಿದ ಚಾಕೊಲೇಟ್ ಚಿಪ್ ಕುಕಿ. ಪ್ರತಿಯೊಂದರ ಎರಡು ತುಂಡುಗಳೂ ಒಂದೇ ಬಗೆಯವು, ಆದರೆ ಒಂದರ ಮೇಲೆ ತರಕಾರಿಯ ಹೆಸರಿದೆ, ಇನ್ನೊಂದರ ಮೇಲಿಲ್ಲ. ಬ್ರೊಕೊಲಿಯ ಹೆಸರು ಕಂಡರೂ ಮಕ್ಕಳು ಹಿಂಜರಿಯಲಿಲ್ಲ. ಸುಕಿನಿಯ ಹೆಸರು ಕಂಡರೂ ಇಲ್ಲ. ತಕರಾರು ಬಂದದ್ದು ಕಡಲೆಗೆ ಮಾತ್ರ. ಹೆಸರಿಲ್ಲದ ಕುಕಿಯೇ ರುಚಿ ಎಂದರು. ಮಿಕ್ಕೆರಡರಷ್ಟು ಕಡಲೆ ಆ ಮಕ್ಕಳಿಗೆ ಪರಿಚಯವಿರಲಿಲ್ಲ.

ಕನ್ನಡನಾಡಿನ ಅಡುಗೆಮನೆ ಈ ಗುಟ್ಟಿನಾಟವನ್ನು ಯಾವತ್ತೂ ಆಡಲಿಲ್ಲ. ಬೂದುಗುಂಬಳವನ್ನು ಕಾಶಿ ಹಲ್ವ ಮಾಡಿ ಮದುವೆಯ ಎಲೆಗೆ ಬಡಿಸಿತು. ಉತ್ತರ ಕರ್ನಾಟಕದಲ್ಲಿ ಕುಂಬಳಕಾಯಿ ಗಾರಿಗೆ, ಗೆಣಸಿನ ಹೋಳಿಗೆ. ಮಲೆನಾಡು, ಕರಾವಳಿಯಲ್ಲಿ ಸೌತೆಕಾಯಿ ಕಡುಬು. ಕೊಂಕಣಿ ಮನೆಗಳ ತವಸಳಿಯಂತೂ ಸೌತೆಕಾಯಿ ತುರಿ, ರವೆ, ಬೆಲ್ಲ, ತೆಂಗಿನತುರಿ ಸೇರಿದ ಸಾಕ್ಷಾತ್ ತರಕಾರಿ ಕೇಕು. ಇವುಗಳಲ್ಲಿ ತರಕಾರಿ ತಲೆಮರೆಸಿಕೊಂಡಿಲ್ಲ, ಹೆಸರಿನಲ್ಲೇ ಮುಂದೆ ನಿಂತಿದೆ. ಸಕ್ಕರೆ, ತುಪ್ಪ ಕಡಿಮೆಯೇನಿಲ್ಲ, ಅದು ಬೇರೆ ಮಾತು.

ಕೊಕ್ಕೊ ಕೂಡ ಇಲ್ಲಿನವರಿಗೆ ದೂರದ ಸರಕಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅದು ಉಪಬೆಳೆಯಾಗಿ ನಿಂತು ದಶಕಗಳಾಗಿವೆ. ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟ ಎಂಬತ್ತರ ದಶಕದಲ್ಲಿ ಕ್ಯಾಂಪ್ಕೊ ಖರೀದಿಗಿಳಿಯಿತು. 1973ರಲ್ಲಿ ಅಡಿಕೆಗೆಂದು ಹುಟ್ಟಿದ ಈ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. 2024ರ ಕೊನೆಯಲ್ಲಿ ಪಶ್ಚಿಮ ಆಫ್ರಿಕದ ಬೆಳೆ ಕೈಕೊಟ್ಟು, ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 12,000 ಡಾಲರ್ ದಾಟಿದಾಗ ಮನೆಯಲ್ಲೇ ಕೇಕು ಮಾಡಿ ಮಾರುವವರು ಪುಡಿಯನ್ನು ಚಮಚದಲ್ಲಿ ಎಣಿಸುವಂತಾಯಿತು.

ಪುಡಿ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದುವುದು ಒಳ್ಳೆಯದು. ಆಮ್ಲೀಯತೆ ನಿಯಂತ್ರಕ 501 ಎಂದೋ 500 ಎಂದೋ ಬರೆದಿದ್ದರೆ ಅದು ಕ್ಷಾರದಿಂದ ಸಂಸ್ಕರಿಸಿದ ಡಚ್ ಕೊಕ್ಕೊ: ಬಣ್ಣ ಗಾಢ, ರುಚಿ ಮೆದು, ಹುಳಿ ಇಲ್ಲ. ಅಂಥದಕ್ಕೆ ಬೇಕಿಂಗ್ ಪೌಡರೇ ಸರಿ. ಸಾದಾ ಕೊಕ್ಕೊಗೆ ತನ್ನದೇ ಹುಳಿ ಇರುವುದರಿಂದ ಸೋಡಾ ಅದರೊಡನೆ ಬೆರೆತು ಕೇಕನ್ನು ಉಬ್ಬಿಸುತ್ತದೆ. ಬೀಟ್‌ರೂಟ್ ಬಿಸಿಯಿರುವಾಗಲೇ ಕೊಕ್ಕೊವನ್ನು ಅದರಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಘಮ ಅರಳುತ್ತದೆ. ಎರಡು ಚಮಚ ಗಟ್ಟಿ ಡಿಕಾಕ್ಷನ್ ಸುರಿದರೆ ಇನ್ನೂ ಸೊಗಸು.

ರಾಗಿಗೆ ಅಂಟಿಲ್ಲ, ಪೂರ್ತಿ ರಾಗಿಯ ಕೇಕು ಕತ್ತರಿಸುವಾಗ ಪುಡಿಯಾಗುತ್ತದೆ. ರುಬ್ಬಿದ ಬೀಟ್‌ರೂಟ್ ಅಥವಾ ಗೆಣಸು ಅದನ್ನು ಕೂಡಿ ಹಿಡಿಯಲು ನೆರವಾಗುತ್ತದೆ. ಮೊಟ್ಟೆ ಬೇಡವೆನ್ನುವ ಮನೆಗಳಲ್ಲಿ ಮೊಸರಿನ ಜೊತೆ ಇದು ಚೆನ್ನಾಗಿ ನಡೆಯುತ್ತದೆ. ಗೆಣಸನ್ನು ನೀರಿನಲ್ಲಿ ಬೇಯಿಸುವ ಬದಲು ನಿಧಾನವಾಗಿ ಸುಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ ಒಡೆದು ಹೆಚ್ಚು ಸಿಹಿಯಾಗುತ್ತದೆ. ಹೂಕೋಸು, ಎಲೆಕೋಸಿನ ಗಂಧಕದ ವಾಸನೆಯನ್ನು ಮಾತ್ರ ಯಾವ ಕೊಕ್ಕೊವೂ ಮುಚ್ಚಲಾರದು.

ಸುಕಿನಿ ದುಬಾರಿ ಎಂದು ಸೋರೆಕಾಯಿಗೆ ಕೈಹಾಕುವವರು ಒಂದು ಎಚ್ಚರ ವಹಿಸಲೇಬೇಕು. ತುರಿಯುವ ಮೊದಲು ಹಸಿ ಹೋಳನ್ನು ನಾಲಿಗೆಗೆ ತಾಗಿಸಿ ನೋಡಬೇಕು. ಕಹಿ ಇದ್ದರೆ ಇಡೀ ಕಾಯಿಯನ್ನು ಎಸೆಯಬೇಕು. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗುವುದಿಲ್ಲ. ಪಲ್ಯದಲ್ಲಾದರೆ ಮೊದಲ ತುತ್ತಿಗೇ ಗೊತ್ತಾಗಿ ಉಗುಳುತ್ತೇವೆ. ಕಹಿಯನ್ನೇ ರುಚಿ ಮಾಡಿಕೊಂಡ ಚಾಕೊಲೇಟಿನಲ್ಲಿ ಅದು ತಿಳಿಯದೆ ಒಳಗಿಳಿಯಬಹುದು.

ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುವ ಪರೀಕ್ಷೆ ಈ ಕೇಕಿನಲ್ಲಿ ಪೂರ್ತಿ ನಂಬುವಂತಿಲ್ಲ. ತೇವ ಹೆಚ್ಚಿರುವುದರಿಂದ ಕಡ್ಡಿಗೆ ನಾಲ್ಕು ಒದ್ದೆ ತುಣುಕು ಅಂಟಿಕೊಂಡೇ ಬರುತ್ತದೆ; ಹಸಿ ಹಿಟ್ಟು ಅಂಟದಿದ್ದರೆ ಸಾಕು. ಬಿಸಿಯಲ್ಲೇ ಕತ್ತರಿಸಿದರೆ ಮುದ್ದೆ, ಮರುದಿನಕ್ಕೆ ರುಚಿ ಕೂಡುತ್ತದೆ. ಅದೇ ತೇವದಿಂದಾಗಿ ಬೂಷ್ಟೂ ಬೇಗ ಹಿಡಿಯುತ್ತದೆ. ಮಾಮೂಲಿ ಕೇಕಿನಂತೆ ವಾರಗಟ್ಟಲೆ ಡಬ್ಬಿಯಲ್ಲಿಡದೆ, ಎರಡನೇ ದಿನಕ್ಕೆ ಫ್ರಿಜ್ಜಿಗೆ ಸೇರಿಸಿ, ಮೂರ್ನಾಲ್ಕು ದಿನದೊಳಗೆ ಮುಗಿಸಬೇಕು. ಮಕ್ಕಳಿರುವ ಮನೆಯಲ್ಲಿ ಅಷ್ಟು ದಿನ ಉಳಿದರೆ ಸಕ್ಕರೆ ತೀರಾ ಕಡಿಮೆಯಾಗಿತ್ತೆಂದು ಲೆಕ್ಕ.